ಗಡಹಿಂಗ್ಲಜದ ಬುವಾ

ಇಚಲಕರಂಜಿಯಲ್ಲಿ ಮಗ್ಗಗಳಿಗೆ ಸೂಟಿ ಇದ್ದ ದಿನ ಇಡೀ ಊರಿಗೇ ಕಿವಿ ಬಂದಂತಾಗುತ್ತಿತ್ತು. ಉಳಿದ ದಿನಗಳಲ್ಲಿ ಆ ಖಟಖಟದ ನಡುವೆ ಗಂಡಹೆಂಡಿರು ಸಹ ಕೂಗಿಯೇ ಮಾತಾಡಬೇಕು. ಸೂಟಿಯ ದಿನ ಮುಂಜಾನೆ ಕೃಷ್ಣಾತನ ಚಹಾದಂಗಡಿಯಲ್ಲಿ ಮೂವರು ಸೇರುತ್ತಿದ್ದರು. ಮಗ್ಗ ರಿಪೇರಿ ಮಾಡುವ ಜಾಬರ್ ಕಾಡಪ್ಪ, ನೂಲಿನ ವ್ಯಾಪಾರಿ ಅಭಯಕುಮಾರ ಶೇಟರು, ಯಡ್ರಾವದಿಂದ ಸೈಕಲ್ ತುಳಿದು ಬರುವ ಕಬ್ಬಿನ ರೈತ ಬಾಳಗೊಂಡ ಪಾಟೀಲ. ಮೂವರಿಗೂ ಸಂಗೀತದ ಹುಚ್ಚು, ಹಾಡಲು ಮಾತ್ರ ಒಬ್ಬರಿಗೂ ಬಾರದು. ಆ ವಾರ ಏನು ಕೇಳಿದೆ ಎಂದು ಒಬ್ಬರು ಹೇಳಬೇಕು, ಉಳಿದಿಬ್ಬರು ಅದನ್ನು ಜಾಲಾಡಬೇಕು.

ಶೇಟರ ಮನೆಯಲ್ಲಿ ಗ್ರಾಮೋಫೋನು ಇತ್ತು, ರೇಡಿಯೋ ಇತ್ತು. ಬಾಳಗೊಂಡ ಮಿರಜದ ಸಂಗೀತ ಬೈಠಕ್‌ಗಳನ್ನು ತಪ್ಪಿಸುತ್ತಿರಲಿಲ್ಲ. ಕಾಡಪ್ಪನಿಗೆ ಇದ್ದದ್ದು ಒಂದೇ ರೇಡಿಯೋ. ಅದು ವಾಲ್ವು ಸುಟ್ಟುಕೊಂಡು ಕೊಲ್ಹಾಪುರಕ್ಕೆ ರಿಪೇರಿಗೆ ಹೋದದ್ದು, ದೀಪಾವಳಿ ಮುಗಿದರೂ ತಿರುಗಿ ಬಂದಿರಲಿಲ್ಲ. ಈ ಸಂಗತಿಯನ್ನು ಅವನು ಗೆಳೆಯರಿಗೆ ಹೇಳಿರಲಿಲ್ಲ. ಹೇಳಿದರೆ ಬಾಯಿ ಮುಚ್ಚಿಕೊಂಡು ಬರೀ ಚಹಾ ಕುಡಿಯಬೇಕಾಗುತ್ತಿತ್ತು.

“ಏನೋ ಕಾಡಪ್ಪಾ,” ಶೇಟರು ಕೇಳಿದರು, “ಮಗ್ಗದ ಖಟಖಟ ಬಿಟ್ಟು ಬ್ಯಾರೆ ಏನರ ಕೇಳಿಯೋ ಇಲ್ಲೋ?”

ಕಾಡಪ್ಪನಿಗೆ ಚುರುಕ್ಕೆಂದಿತು. “ಕೇಳೇನ್ರಿ ಶೇಟ್‌ರ. ನಿನ್ನೆ ಮುಂಜಾನೆ ಧಾರವಾಡ ಸ್ಟೇಶನ್ ಹಚ್ಚಿದ್ನಿ. ಏನ್ ಭೀಮಪಲಾಸಿ ಹಾಡಿದ್ನಂತೀರಿ!”

“ಯಾರು?”

ಕಾಡಪ್ಪ ಅತ್ತಿತ್ತ ನೋಡಿದ. ಅಂಗಡಿಯ ಮೂಲೆಯಲ್ಲಿ ಮೆಣಸಿನಕಾಯಿಯ ಚೀಲವಿತ್ತು. ಅದರ ಮೇಲೆ ಕಪ್ಪು ಮಸಿಯಲ್ಲಿ ಹಾಲಸಿದ್ದ, ಗಡಹಿಂಗ್ಲಜ ಎಂದು ಬರೆದಿತ್ತು.

“ಹಾಲಸಿದ್ದ ಬುವಾ. ಗಡಹಿಂಗ್ಲಜದ ಗವಾಯಿ.”

“ಮುಂಜಾನೆ ಭೀಮಪಲಾಸಿ?” ಶೇಟರು ಹುಬ್ಬು ಏರಿಸಿದರು. “ಅದು ಮಧ್ಯಾಹ್ನದ ರಾಗ.”

ಕಾಡಪ್ಪ ಬಸಿಗೆ ಬಾಯಿ ಹಚ್ಚಿ ಚಹಾ ಹೀರಿದ. ಅವನನ್ನು ಉಳಿಸಿದವನು ಬಾಳಗೊಂಡ. “ದೊಡ್ಡ ಮಂದಿ ಯಾವಾಗ ಬೇಕಾದ್ರೂ ಹಾಡ್ತಾರ್ರಿ. ಆ ಬುವಾನ್ನ ನಾನೂ ಕೇಳೇನಿ, ಮಿರಜದಾಗ. ತಾನಾ ಅಂದ್ರ ಕಬ್ಬಿಗೆ ಬಿಟ್ಟ ಪಾಟದ ನೀರು ಹರಿದಂಗ!”

ಶೇಟರು ಬಟ್ಟಲು ಕೆಳಗಿಟ್ಟರು. ತಾವು ಕೇಳದ ಗಾಯಕನನ್ನು ಒಬ್ಬ ಜಾಬರ್, ಒಬ್ಬ ರೈತ ಕೇಳಿರುವುದೆಂದರೇನು? “ನಾನೂ ಕೇಳೇನಿ ಬಿಡು,” ಎಂದರು. “ಆವಾಜ ಛಲೋ ಐತಿ. ಆದ್ರ ಮ್ಯಾಲಿನ ಷಡ್ಜ ತುಸು ಕಡಿಮಿ ಬೀಳ್ತೈತಿ.”

ಆ ಮೇಲಿನ ಷಡ್ಜದ ಮೇಲೆ ಇಬ್ಬರಿಗೂ ಜಗಳ ಹತ್ತಿತು. ಕಾಡಪ್ಪ ಬಾಯಿ ತೆರೆದು ನೋಡುತ್ತ ಕುಳಿತ. ತನ್ನ ಬುವಾ ತನ್ನ ಕೈಬಿಟ್ಟು ಹೋದದ್ದು ಅವನ ಕಣ್ಣೆದುರಿಗೇ ನಡೆಯಿತು.

ಮಾತು ಅಲ್ಲಿಗೇ ನಿಂತಿದ್ದರೆ ಕಾಡಪ್ಪ ಬದುಕಿಕೊಳ್ಳುತ್ತಿದ್ದ. ಆದರೆ ಶೇಟರು ಹೊಸ ಮನೆ ಕಟ್ಟಿಸಿದ್ದರು. ವಾಸ್ತುಶಾಂತಿಯ ದಿನ ಹಾಲಸಿದ್ದ ಬುವಾನ ಬೈಠಕ್ ಇಡಿಸುವುದೆಂದು ತೀರ್ಮಾನಿಸಿಬಿಟ್ಟರು.

“ಬುವಾಗ ನೆಗಡಿ ಆಗೇತ್ರಿ,” ಎಂದ ಕಾಡಪ್ಪ.

“ನಿನಗ ಹ್ಯಾಂಗ ಗೊತ್ತು?”

“ರೇಡಿಯೋದಾಗ ಸೀನಿದಂಗ ಕೇಳಿಸ್ತು.”

“ಹಂಗಾರ ಹೋಗಿ ಮಾತಾಡ್ಸೋದು ನಮ್ಮ ಧರ್ಮ,” ಎಂದ ಬಾಳಗೊಂಡ.

ಮುಂದಿನ ಸೂಟಿಯ ದಿನ ಮೂವರೂ ಗಡಹಿಂಗ್ಲಜದ ಎಸ್.ಟಿ. ಬಸ್ಸು ಹತ್ತಿದರು. ಅಂಥವನು ಯಾರೂ ಇಲ್ಲವೆಂದು ಊರಿನವರು ಹೇಳಿಯಾರು, ತಾನು ಬೈಸಿಕೊಂಡೇನು, ಅಲ್ಲಿಗೆ ಮುಗಿಯಿತು ಎಂದು ಕಾಡಪ್ಪ ಸಮಾಧಾನ ಮಾಡಿಕೊಂಡಿದ್ದ. ಆದರೆ ಗಡಹಿಂಗ್ಲಜದ ಪೇಟೆಯಲ್ಲಿ ಕೇಳಿದ ಮೊದಲ ಅಂಗಡಿಯವನೇ ಬೆರಳು ತೋರಿಸಿದ. “ಹಾಲಸಿದ್ದಂದ? ಅದಽ ನೋಡ್ರಿ.”

ಅದು ಮೆಣಸಿನಕಾಯಿಯ ಅಂಗಡಿ. ಹೊಸ್ತಿಲು ದಾಟುತ್ತಲೇ ಮೂವರೂ ಸೀನಿದರು. ಒಳಗೆ ದಪ್ಪ ಮೀಸೆಯ ಐವತ್ತರ ಆಸಾಮಿ ತಕ್ಕಡಿ ಹಿಡಿದು ನಿಂತಿದ್ದ. ಶೇಟರು ಬಾಗಿ ಕೈಮುಗಿದರು.

“ಬುವಾ, ಧಾರವಾಡ ರೇಡಿಯೋದಾಗ ನಿಮ್ಮ ಭೀಮಪಲಾಸಿ ಕೇಳಿ ಧನ್ಯ ಆದ್ವಿರಿ. ಏನ್ ಆವಾಜ!”

ಕಾಡಪ್ಪ ಕಣ್ಣು ಮುಚ್ಚಿಕೊಂಡ. ಈಗ ಆ ಮನುಷ್ಯ ನಗುತ್ತಾನೆ, ಇಲ್ಲವೇ ಬೈಯುತ್ತಾನೆ. ಎರಡೂ ಆಗಲಿಲ್ಲ. ಹಾಲಸಿದ್ದ ತಕ್ಕಡಿಯನ್ನು ಮೆಲ್ಲಗೆ ಕೆಳಗಿಟ್ಟ. ಓಣಿಯತ್ತ ನೋಡಿದ, ಜಂತಿಯತ್ತ ನೋಡಿದ. ಮೀಸೆ ಒರೆಸಿಕೊಂಡು ಕೇಳಿದ:

“ಛಲೋ ಕೇಳಿಸ್ತೇನ್ರಿ?”

ಕಾಡಪ್ಪನ ಕಣ್ಣುಗಳು ತಾವಾಗಿಯೇ ತೆರೆದವು. ಒಳಬಾಗಿಲಲ್ಲಿ ಹಾಲಸಿದ್ದನ ಹೆಂಡತಿ ಮಲಕವ್ವ ಹಿಟ್ಟಿನ ಕೈಯಲ್ಲೇ ಬಂದು ನಿಂತಿದ್ದಳು.

“ಧಾರವಾಡಕ್ಕ ಯಾವಾಗ ಹೋಗಿದ್ರಿ ನೀವು?”

“ಆಜರಾಕ್ಕ ಅಕ್ಕಿ ತರಾಕ ಹೋಗಿದ್ನಲ್ಲ, ಆವಾಗ.”

“ಅದಕ್ಕಽ ಅಕ್ಕಿ ಬರಲಿಲ್ಲ!”

ಹಾಲಸಿದ್ದ ಒಂದು ಚೀಲದ ಮೇಲೆ ಕುಳಿತು ಕಿವಿಗೆ ಕೈಹಚ್ಚಿದ. ಯಾರೂ ಹಾಡು ಎನ್ನದಿದ್ದರೂ ಹಾಡಿಯೇಬಿಟ್ಟ. ಅದು ಭೀಮಪಲಾಸಿ ಅಲ್ಲ, ಯಾವ ರಾಗವೂ ಅಲ್ಲ. ಭಜನೆಯ ಧಾಟಿಯೊಂದು ಹೊರಟು, ದಾರಿ ತಪ್ಪಿ, ಮೇಲೆ ಹತ್ತಲು ಹೋಗಿ ಖಾರದ ಧೂಳಿಗೆ ಸಿಕ್ಕು ಕೆಮ್ಮಾಯಿತು.

“ನೋಡು, ಕೆಮ್ಮು ಸುದ್ದಾ ತಾಳದ ಸಮಕ್ಕ ಬಿತ್ತು,” ಶೇಟರು ಪಿಸುಗುಟ್ಟಿದರು. ಬಾಳಗೊಂಡ ತಲೆದೂಗುತ್ತ ತೊಡೆಯ ಮೇಲೆ ತಾಳ ಹಾಕುತ್ತಿದ್ದ. ಕಾಡಪ್ಪ ಮಾತ್ರ ಹಾಡುವವನ ಮುಖ ನೋಡಿದ. ಕಣ್ಣು ಮುಚ್ಚಿಕೊಂಡ ಆ ಮುಖದಲ್ಲಿ, ಎಷ್ಟೋ ವರ್ಷಗಳಿಂದ ಯಾರಾದರೂ ಕೇಳಲೆಂದು ಕಾದವನ ಸಂಭ್ರಮವಿತ್ತು.

ಆಮೇಲೆ ಮಲಕವ್ವ ಬೆಲ್ಲದ ಚಹಾ ತಂದಳು. ಕಾಡಪ್ಪನಿಗೆ ಬಟ್ಟಲು ಕೊಡುತ್ತ ದನಿ ತಗ್ಗಿಸಿ ಹೇಳಿದಳು: “ಅಣ್ಣಾರ, ಮನ್ಯಾಗ ಇವ್ರು ಹಾಡಾಕ ಹತ್ತಿದ್ರ ನಾ ಸುಮ್ ಕುಂಡ್ರಸ್ತಿದ್ನಿ. ನನಗೇನ ತಿಳೀತೈತಿ? ಇನ್ನ ಒಂದ್ ಮಾತ ಅನ್ನಂಗಿಲ್ಲ.” ಕಾಡಪ್ಪ ಬಟ್ಟಲನ್ನು ಕುಡಿಯದೆ ಚೀಲದ ಮೇಲಿಟ್ಟ.

ವಾಸ್ತುಶಾಂತಿಗೆ ಬರಲು ಬುವಾ ಒಪ್ಪಿದ್ದ. ತಿರುಗಿ ಬರುವಾಗ ಬಸ್ಸಿನಲ್ಲಿ ಕಾಡಪ್ಪ ತಡೆಯದಾದ. “ಶೇಟ್‌ರ, ಸಿಟ್ಟ ಆಗಬ್ಯಾಡ್ರಿ. ನನ್ನ ರೇಡಿಯೋ ಕೆಟ್ಟು ಭಾಳ ದಿನ ಆತು. ಆ ಹೆಸರು ಚೀಲದ ಮ್ಯಾಲೆ ಓದಿ ಹೇಳಿದ್ನಿ. ಅಂವ ಧಾರವಾಡದಾಗ ಹಾಡೇ ಇಲ್ಲ.”

“ಹಾಡೇ ಇಲ್ಲ?” ಬಾಳಗೊಂಡ ಗದರಿದ. “ಹಾಡೇನಿ ಅಂತ ಅಂವನಽ ಒಪ್ಪಿಕೊಂಡಾನಲ್ಲೋ!”

ಶೇಟರು ಶಾಂತವಾಗಿ ಹೇಳಿದರು, “ನಿನ್ನ ರೇಡಿಯೋ ಕೆಟ್ಟಿದ್ರ ನೀ ಕೇಳಿಲ್ಲ. ನಾವು ಕೇಳೇವಿ. ಕೇಳದಂವ ಸುಮ್ಮ ಕುಂಡ್ರಬೇಕು.” ಅನಂತರ ಕಿಟಕಿಯಾಚೆ ನೋಡುತ್ತ ಸೇರಿಸಿದರು: “ಆದ್ರ ರೇಡಿಯೋದಾಗಿನ ಆ ರಂಗು ಇವತ್ತ ಬರಲಿಲ್ಲ.”

ಕಾಡಪ್ಪನಿಗೆ ಎಲ್ಲಿಂದಲೋ ಸಿಟ್ಟು ಬಂತು. “ಏನ್ ಮಾತಾಡ್ತೀರಿ ಶೇಟ್‌ರ? ರೇಡಿಯೋದಾಗ ಅಂವ ಅಂಜ್ಕೊಂಡು ಹಾಡಿದ್ದ. ಇವತ್ತ ಮನಸು ಬಿಚ್ಚಿ ಹಾಡ್ಯಾನ!”

“ಅದು ಖರೆ,” ಎಂದ ಬಾಳಗೊಂಡ. ಶೇಟರು ಒಪ್ಪಲಿಲ್ಲ. ಸಂಕೇಶ್ವರ ದಾಟಿದರೂ ವಾದ ಮುಗಿಯಲಿಲ್ಲ. ಕೊನೆಗೆ ಮುಂದಿನ ಸೀಟಿನಲ್ಲಿದ್ದ ರುಮಾಲಿನ ಮುದುಕ ಹಿಂದಕ್ಕೆ ತಿರುಗಿ, ಯಾವ ಬುವಾನ ಮಾತು ನಡೆದಿದೆ ಎಂದು ಕೇಳಿದ. ಕಾಡಪ್ಪ ಹೆಸರು ಹೇಳಿದ.

“ಹಾಂ ಹಾಂ, ಗೊತ್ತೈತಿ,” ಎಂದ ಮುದುಕ, ನಿಟ್ಟುಸಿರು ಬಿಟ್ಟು. “ಮೊದಲಿನ ಆವಾಜ ಈಗ ಎಲ್ಲೈತ್ರಿ?”