ಕಾಗದದ ಟೋಪಿ

ಬೆಂಕಿ ಬಿದ್ದ ಮೂರನೇ ದಿನ ಬೆಳಗ್ಗೆ ಕಟ್ಟಡದ ಮಾಲೀಕ ಫೋನ್ ಮಾಡಿದ. "ಮೇಲಿನ ಮಹಡಿದು ಆರು ಕಿಟಕಿ ಹೋಗಿದೆ. ಕೆಳಗೆ ಏನು ಉಳಿದಿದ್ಯೋ ನೀನೇ ನೋಡು. ಬೇಗ ಅಳತೆ ತಗೊಂಡು ಹೋಗಮ್ಮ." ಸತ್ತವನ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ. ಗಾಜಿನ ಕೆಲಸದವರನ್ನು ಯಾರೂ ಒಳ್ಳೆಯ ಸುದ್ದಿಗೆ ಕರೆಯುವುದಿಲ್ಲ, ಅಭ್ಯಾಸವಾಗಿದೆ.

ಕೆಳಗಿನದು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ. ನಡೆಸುತ್ತಿದ್ದ ಗಂಡ ಹೆಂಡತಿ ಎಂಟು ವರ್ಷದ ಮಗಳ ಜೊತೆ ಹಿಂದಿನ ಕೋಣೆಯಲ್ಲೇ ಮಲಗುತ್ತಿದ್ದರು. ನಸುಕಿನ ಹೊಗೆಯಲ್ಲಿ ಗಂಡ ಸತ್ತ. ಮಗಳು ಆಸ್ಪತ್ರೆಯಲ್ಲಿದ್ದಳು. ಅವಳನ್ನು ಎಳೆದುಕೊಂಡು ಬಂದ ತಾಯಿಯ ಎರಡು ಕೈಯೂ ಸುಟ್ಟಿದ್ದವು. ಬೇರೆ ಕಡೆಯಿಂದ ಬಂದು ನೆಲೆಸಿದ ಇಂಥವರಿಗೆ ನಮ್ಮ ಊರಿನಲ್ಲಿ ಒಂದೇ ಹೆಸರು: ಬಂದವರು. ಬಂದು ಹತ್ತು ವರ್ಷವಾಗಿರಲಿ, ಹತ್ತು ದಿನವಾಗಿರಲಿ, ಬಂದವರು.

ಅಂಗಡಿಯ ಮುಂದೆ ಇನ್‌ಸ್ಪೆಕ್ಟರ್ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಕಾಲ ಬಳಿ ಪ್ಲಾಸ್ಟಿಕ್ ಚೀಲದಲ್ಲಿ ಕರಿಕಟ್ಟಿದ ಇಸ್ತ್ರಿಪೆಟ್ಟಿಗೆ.

"ಆರೋಪಿ ಸಿಕ್ಕಿಬಿಟ್ಟಿದ್ದಾನೆ ನೋಡಿ," ಎಂದು ಅದನ್ನು ಬೂಟಿನ ತುದಿಯಿಂದ ತೋರಿಸಿದ. "ಹೆಂಡತಿ ಸ್ವಿಚ್ ತೆಗೆಯೋದು ಮರೆತಿದ್ದಾಳೆ. ಐದು ಗಂಟೆಗೆ ಆಸ್ಪತ್ರೇಲಿ ಹೇಳಿಕೆ. ಒಂದು ಹೆಬ್ಬೆಟ್ಟು ಬಿದ್ರೆ ಫೈಲ್ ಮುಗೀತು."

"ಮರೆತೆ ಅಂತ ಅವರೇ ಹೇಳಿದ್ರಾ?"

"ಏನು ಹೇಳ್ತಾಳೋ ಅವಳಿಗೇ ಗೊತ್ತಿಲ್ಲ. ತೆಗೆದೆ ಅಂತಾಳೆ. ಆಮೇಲೆ, ತೆಗೆದ್ನಾ ಸಾರ್, ಅಂತ ನನ್ನನ್ನೇ ಕೇಳ್ತಾಳೆ."

ಮುಂದಿನ ಗಾಜುಗಳೆಲ್ಲ ಕಾವಿಗೆ ಸಿಡಿದು ರಸ್ತೆಗೆ ಬಿದ್ದಿದ್ದವು. ಅಲ್ಲಿ ನೋಡುವುದೇನೂ ಇರಲಿಲ್ಲ. ಅಳತೆ ಬರೆದುಕೊಂಡು ಹಿಂದಿನ ಓಣಿಗೆ ಹೋದೆ. ಮಲಗುವ ಕೋಣೆಗೆ ಒಂದೇ ಒಂದು ಸಣ್ಣ ಕಿಟಕಿ, ನನ್ನ ತಲೆಯ ಎತ್ತರಕ್ಕೆ. ಚೌಕಟ್ಟು ಇದ್ದಿಲಾಗಿತ್ತು. ಗಾಜು ಇರಲಿಲ್ಲ. ಅಭ್ಯಾಸಬಲದಿಂದ ಕೆಳಗೆ ನೋಡಿದೆ. ಓಣಿಯಲ್ಲಿ ಚೂರುಗಳಿರಲಿಲ್ಲ. ಒಳಗೆ ಹೋಗಿ ಬೂದಿಯನ್ನು ಕೋಲಿನಿಂದ ಕೆದಕಿದೆ, ಅಲ್ಲೂ ಇರಲಿಲ್ಲ. ಒಡೆದ ಗಾಜು ಎಲ್ಲಾದರೂ ಬೀಳಲೇಬೇಕು. ಮತ್ತೆ ಹೊರಗೆ ಬಂದು ಚೌಕಟ್ಟನ್ನು ಸವರಿದೆ. ಗಾಜನ್ನು ಹಿಡಿದಿಡುವ ನಾಲ್ಕು ಸಣ್ಣ ಮೊಳೆಗಳ ತೂತುಗಳಿದ್ದವು. ಮರ ಸುಡುತ್ತದೆ, ಮೊಳೆ ಸುಡುವುದಿಲ್ಲ. ಮೊಳೆಗಳು ಇರಲಿಲ್ಲ.

ಆಮೇಲೆ ಗಾಜು ಕಂಡಿತು.

ಹಳೆಯ ಟೈರಿನ ಹಿಂದೆ, ಗೋಡೆಗೆ ಒರಗಿ ನಿಂತಿತ್ತು. ಅಡಿಯಲ್ಲಿ ಎರಡು ಮರದ ಪಟ್ಟಿ. ಮೇಲಂಚಿಗೆ ದಿನಪತ್ರಿಕೆಯ ಕಾಗದದ ಟೋಪಿ. ಟೇಪು ಹಿಡಿದೆ, ಚೌಕಟ್ಟಿನ ಅಳತೆಯೇ, ಒಂದು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಮೈಮೇಲೆ ಮಸಿಯ ಒಂದು ಚುಕ್ಕೆಯೂ ಇರಲಿಲ್ಲ. ಬೆಂಕಿ ಹತ್ತುವ ಮೊದಲೇ ಅದು ಕಿಟಕಿ ಬಿಟ್ಟು ಹೊರಗೆ ಬಂದಿತ್ತು.

ಟೋಪಿ ಅಪ್ಪನ ನಿಯಮ. ಬರಿಗಾಜು ಬರಿನೆಲ ಮುಟ್ಟಬಾರದು, ಬೋಳುತಲೆಯಲ್ಲಿ ನಿಲ್ಲಬಾರದು. "ಗಾಜು ಕಣ್ಣಿಗೆ ಕಾಣಲ್ಲ, ಟೋಪಿ ಕಾಣತ್ತೆ," ಎನ್ನುತ್ತಿದ್ದರು. ನಾಲ್ಕು ಮಡಿಕೆ, ಕೊನೆಯದನ್ನು ಒಳಕ್ಕೆ ಸಿಕ್ಕಿಸಿದರೆ ಒಂದು ಪುಟ್ಟ ಜೇಬಾಗುತ್ತದೆ. ಕಿತ್ತ ಮೊಳೆಗಳು ಕಳೆಯದಂತೆ ಅದರೊಳಗೆ. ಬೇರೆ ಗಾಜಿನವರು ನಮ್ಮನ್ನು ನೋಡಿ, "ಗಾಜಿಗೆ ಸಿಂಗಾರ ಮಾಡೋರು ಬಂದ್ರು," ಎಂದು ನಗುತ್ತಿದ್ದರು. ಆ ಮಡಿಕೆ ಗೊತ್ತಿದ್ದವರು ಜಗತ್ತಿನಲ್ಲಿ ಮೂವರು. ಅಪ್ಪ ತೀರಿಕೊಂಡು ಆರು ವರ್ಷವಾಯಿತು. ನಾನು ಕೊನೆಯ ಮಡಿಕೆಯನ್ನು ಬಲಕ್ಕೆ ಸಿಕ್ಕಿಸುತ್ತೇನೆ. ಇದು ಎಡಕ್ಕೆ ಸಿಕ್ಕಿಸಿದ್ದು.

ನನ್ನ ತಮ್ಮ ಎಡಚ.

ಜೇಬಿಗೆ ಬೆರಳು ಹಾಕಿದೆ. ನಾಲ್ಕು ಮೊಳೆ.

"ಏನಮ್ಮಾ, ಏನಾದ್ರೂ ಸಿಕ್ತಾ?" ಇನ್‌ಸ್ಪೆಕ್ಟರ್ ಓಣಿಯ ಬಾಯಲ್ಲಿ ನಿಂತಿದ್ದ.

"ಒಂದು ಗಾಜು."

"ತಗೊಂಡೋಗಿ. ಯಾರ ಕಾಲಿಗಾದ್ರೂ ಚುಚ್ಚೀತು."

ಹಳೆಯ ಬಟ್ಟೆಯಲ್ಲಿ ಸುತ್ತಿ, ಅವನ ಮುಂದೆಯೇ ಎತ್ತಿಕೊಂಡು ಬಂದೆ.

ತಮ್ಮ ಚಿಕ್ಕನಿಗೆ ಇಪ್ಪತ್ತಾರು. ಮನೆಯಲ್ಲಿ, ಅಂಗಡಿಯಲ್ಲಿ, ಬೀದಿಯಲ್ಲಿ ಎಲ್ಲರಿಗೂ ಅವನು ಚಿಕ್ಕನೇ. ಅಳತೆ ನಾನು ತೆಗೆಯುವುದು, ಗಿರಾಕಿಗಳ ಜೊತೆ ಮಾತು ನನ್ನದು, ಅವನು ಕೊಯ್ದು ಕೂರಿಸುವವನು. ಅವನ ಕೈ ನನ್ನದಕ್ಕಿಂತ ಚೊಕ್ಕ. ಕೆಲಸ ಮಾಡುವಾಗ ಶಿಳ್ಳೆ ಹಾಕುತ್ತಿದ್ದ. ಎರಡು ವರ್ಷದ ಹಿಂದೆ ಶಿಳ್ಳೆ ನಿಂತು ಕಿವಿಗೆ ಇಯರ್‌ಫೋನ್ ಬಂತು. ಏನು ಕೇಳುತ್ತೀಯೋ ಎಂದು ಒಂದು ದಿನ ಕಿತ್ತು ನನ್ನ ಕಿವಿಗಿಟ್ಟುಕೊಂಡೆ. ಕಿರುಚಾಟ ಇರಬಹುದೆಂದುಕೊಂಡಿದ್ದೆ. ಮೆತ್ತನೆಯ ದನಿ, ಮೇಷ್ಟರ ಹಾಗೆ. ಇಂತಿಷ್ಟು ವರ್ಷಕ್ಕೆ ಅವರು ಇಂತಿಷ್ಟಾಗುತ್ತಾರೆ, ನಾವು ಇಂತಿಷ್ಟಕ್ಕೆ ಇಳಿಯುತ್ತೇವೆ; ನಮಗೆ ಯಾರ ಮೇಲೂ ದ್ವೇಷವಿಲ್ಲ, ನಮ್ಮವರ ಮೇಲೆ ಪ್ರೀತಿ ಅಷ್ಟೆ. ಕೇಳುತ್ತ ಕೇಳುತ್ತ ನನಗೇ ನಿದ್ದೆ ಬರುವಂತಾಯಿತು.

ಅವನು ಸೇರಿಕೊಂಡಿದ್ದ ಗುಂಪಿಗೆ ಹೆಸರಿತ್ತು: ಇದ್ದವರು. ಮೊದಲಿಂದ ಇಲ್ಲೇ ಇದ್ದವರು ಎಂದರ್ಥ. ಮೊದಲ ಸಲ ಕೇಳಿದಾಗ ಅಮ್ಮ ಬಿದ್ದು ಬಿದ್ದು ನಕ್ಕಳು.

"ಇದ್ದವರು ಅಂದ್ರೆ ಏನೋ, ಈಗ ಇಲ್ವಾ? ಸತ್ತೋರ ಸಂಘನಾ?"

"ನಿಂಗೆ ಎಲ್ಲಾ ತಮಾಷೆ."

"ನಿಮ್ಮಜ್ಜ ತಳ್ಳುಗಾಡೀಲಿ ಗಾಜು ಇಟ್ಕೊಂಡು ಈ ಊರಿಗೆ ಬಂದೋರು ಕಣೋ. ಕೇಳು ನಿಮ್ಮಕ್ಕನ್ನ."

"ಅದು ಬೇರೆ."

ಎಲ್ಲದಕ್ಕೂ ಅದೇ ಉತ್ತರ. ನಿನ್ನ ಅಂಗಿ ಇಸ್ತ್ರಿ ಮಾಡಿದ್ದು ಅವರೇ ಅಲ್ವಾ? ಅದು ಬೇರೆ. ನಿಂಗೆ ಜ್ವರ ಬಂದಾಗ ನೋಡಿದ ಡಾಕ್ಟರು? ಅದು ಬೇರೆ. ಆ ಗುಂಪಿನಲ್ಲಿ ಅವನನ್ನು ಯಾರೂ ಚಿಕ್ಕ ಎನ್ನುತ್ತಿರಲಿಲ್ಲ. ಮನೆಯ ಬಾಗಿಲಿಗೆ ಬಂದು, "ಅಣ್ಣ ಇದ್ದಾರಾ?" ಎಂದು ಕೇಳುತ್ತಿದ್ದರು. ಒಳಗಿನಿಂದ ಅವನು ಎದ್ದು ಬರುವ ನಡಿಗೆಯೇ ಬದಲಾಗುತ್ತಿತ್ತು. ನಾನು ಅದನ್ನು ನೋಡಿ ನಗುತ್ತಿದ್ದೆ. ಈಗ ಅನ್ನಿಸುತ್ತದೆ, ನಗಬಾರದಿತ್ತು. ನಗುವುದರ ಬದಲು ಏನು ಮಾಡಬೇಕಿತ್ತು ಎಂದು ಮಾತ್ರ ಇವತ್ತಿಗೂ ಗೊತ್ತಿಲ್ಲ.

ಅಂಗಡಿಗೆ ಬಂದಾಗ ಚಿಕ್ಕ ದೊಡ್ಡ ಮೇಜಿನ ಮೇಲೆ ಕನ್ನಡಿಯ ಅಂಚು ಉಜ್ಜುತ್ತಿದ್ದ. ಶಟರ್ ಅರ್ಧ ಎಳೆದೆ.

"ಯಾಕೆ, ಕಾಫಿಗೆ ಇಷ್ಟು ಬೇಗ?" ಎಂದ.

ಬಟ್ಟೆ ಬಿಚ್ಚಿ ಗಾಜನ್ನು ಅವನ ಮುಂದೆ ನಿಲ್ಲಿಸಿದೆ. ಟೋಪಿ ಹಾಗೇ ಇತ್ತು. ಅವನು ಉಜ್ಜುವ ಕಲ್ಲನ್ನು ಕೆಳಗಿಟ್ಟ. ಸುಳ್ಳು ಹೇಳುತ್ತಾನೆ ಎಂದುಕೊಂಡಿದ್ದೆ. ಅದಕ್ಕೆ ತಯಾರಾಗಿಯೂ ಬಂದಿದ್ದೆ.

"ಕಿಟಕಿ ತೆಗೆದುಕೊಡೋದಷ್ಟೇ ನನ್ನ ಕೆಲಸ," ಎಂದ.

"ಆಮೇಲೆ?"

"ಆಮೇಲಿಂದು ಗುಂಪಿನವರು ನೋಡ್ಕೊಂಡ್ರು. ನಾನು ಓಣಿ ದಾಟಿದ್ದೆ ಅಕ್ಕ. ನಿಜವಾಗ್ಲೂ."

"ಒಳಗೆ ಮೂರು ಜನ ಮಲಗ್ತಾರೆ ಅಂತ ಗೊತ್ತಿರ್ಲಿಲ್ವಾ?"

"ಹೆದರಿಸೋಕೆ ಅಷ್ಟೇ ಅಂದಿದ್ರು. ಹೊಗೆ ಬಂದ್ರೆ ತಾವೇ ಎದ್ದು ಓಡ್ತಾರೆ, ಊರು ಬಿಡ್ತಾರೆ ಅಂತ."

"ಗೊತ್ತಿತ್ತೋ ಇಲ್ವೋ?"

ಅವನು ಉಗುರಿನ ಸಂದಿಯಲ್ಲಿ ಸಿಕ್ಕಿದ್ದ ಪುಟ್ಟಿಯನ್ನು ಇನ್ನೊಂದು ಉಗುರಿನಿಂದ ತೆಗೆಯತೊಡಗಿದ. ಗಾಜಿನ ಸುತ್ತ ಮೆತ್ತುವ ಆ ಪುಟ್ಟಿ ಕೈಗೆ ಹತ್ತಿದರೆ ಮೂರು ದಿನ ಬಿಡುವುದಿಲ್ಲ.

"ಇದಕ್ಕೆ ಟೋಪಿ ಯಾಕೆ ಹಾಕಿದೆ?"

ಅವನು ತಲೆಯೆತ್ತಿ ನನ್ನನ್ನು ನೋಡಿದ. ಅಕ್ಕನಿಗೆ ತಲೆ ಕೆಟ್ಟಿದೆಯೇ ಎನ್ನುವ ಹಾಗೆ.

"ಅಲ್ಲಿ ಮಕ್ಕಳು ಆಡ್ತವೆ," ಎಂದ. "ಕೈ ಕುಯ್ಕೊಂಡ್ರೆ?"

ಮಾತು ಅವನ ಬಾಯಿಂದ ಹೊರಬಿದ್ದು ಮೇಜಿನ ಮೇಲೆ ನಿಂತಿತು. ಅವನಿಗೂ ಅದು ಕೇಳಿಸಿತು ಅಂತ ಕಾಣುತ್ತದೆ. ಆ ಓಣಿಯಲ್ಲಿ ಆಡುತ್ತಿದ್ದುದು ಒಂದೇ ಮಗು, ಇಸ್ತ್ರಿ ಅಂಗಡಿಯದು. ನನ್ನ ತಮ್ಮ ಸ್ಟೂಲಿನ ಮೇಲೆ ಕೂತ. ಇಯರ್‌ಫೋನು ಕೊರಳಲ್ಲಿ ಜೋತಾಡುತ್ತಿತ್ತು. ಅದರೊಳಗೆ ಯಾರೋ ಸಣ್ಣಗೆ ಇನ್ನೂ ಮಾತಾಡುತ್ತಲೇ ಇದ್ದರು.

"ಸಂಜೆ ಆ ಹೆಂಗಸಿನ ಹತ್ರ ಹೆಬ್ಬೆಟ್ಟು ಒತ್ತಿಸ್ಕೊಳ್ತಾರೆ," ಎಂದೆ. "ಗಂಡನ್ನ ತಾನೇ ಕೊಂದೆ ಅಂತ ಅವಳು ಸಾಯೋತನಕ ನಂಬ್ಕೊಂಡಿರ್ತಾಳೆ."

"ಅವಳು ಯಾರು ನಿಂಗೆ?"

"ಯಾರೂ ಅಲ್ಲ."

"ನಾನು ನಿನ್ನ ತಮ್ಮ." ಎಂದ. "ಅದು ಬೇರೆ ಅಲ್ವಾ ಅಕ್ಕ?"

ಬೇರೆಯೇ. ಅವನು ನಡೆಯಲು ಕಲಿತದ್ದು ಇದೇ ಮೇಜಿನ ಕಾಲು ಹಿಡಿದು. ಬಿದ್ದಾಗ ಗಾಜಿನ ಮೇಲೆ ಬೀಳದಂತೆ ನಾನು ಸುತ್ತಲೂ ಹಾಸಿಗೆ ಹಾಸುತ್ತಿದ್ದೆ. ಅದು ಬೇರೆ ಎಂದು ಒಮ್ಮೆ ಅಂದರೆ ಸಾಕಿತ್ತು, ಶಟರ್ ಮೇಲೆತ್ತಿ ಕೆಲಸ ಮುಂದುವರಿಸಬಹುದಿತ್ತು. ಆ ಎರಡು ಪದ ಎಷ್ಟು ಸುಲಭವಾಗಿ ಬಾಯಿಗೆ ಬರುತ್ತವೆ ಎಂಬುದು ಆಗ ಗೊತ್ತಾಯಿತು.

ಹಿಂಬಾಗಿಲಲ್ಲಿ ಅಮ್ಮ ನಿಂತಿದ್ದಳು. ಕಾಫಿಗೆ ಕರೆಯಲು ಬಂದವಳು. ಎಷ್ಟು ಹೊತ್ತಾಗಿತ್ತೋ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬೆರಳು ಬಿಳಿಚಿಕೊಂಡಿತ್ತು. ಅವಳು ಚಿಕ್ಕನನ್ನು ನೋಡಲಿಲ್ಲ. ಗಾಜನ್ನು ನೋಡಿದಳು.

"ಒಡೆಯೋ ವಸ್ತು ತಾನೇ ಅದು?" ಎಂದಳು ಮೆಲ್ಲಗೆ. "ಕೈ ಜಾರಿತು ಅಂದ್ಬಿಡು ಮಗಳೇ. ಯಾರು ಕೇಳ್ತಾರೆ?"

ನಲವತ್ತು ವರ್ಷ ಅಪ್ಪನ ಜೊತೆ ಬಾಳಿದವಳು. ಗಾಜು ಒಡೆ ಎನ್ನುವುದು ನಮ್ಮ ಅಂಗಡಿಯಲ್ಲಿ ಆಡಬಾರದ ಮಾತೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ನಾನು ಗಾಜನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದೆ. ಚಿಕ್ಕ ಎದ್ದು ಅಡ್ಡ ನಿಲ್ಲಬಹುದಿತ್ತು. ನನಗಿಂತ ಒಂದು ಗೇಣು ಎತ್ತರ ಅವನು. ಎದ್ದದ್ದೂ ಹೌದು. ಆದರೆ ನಾನು ಗಾಜು ಹಿಡಿದು ಹೊರಟಿದ್ದನ್ನು ಕಂಡು, ಸರಿದು, ಶಟರನ್ನು ಪೂರ್ತಿ ಮೇಲೆತ್ತಿ ಹಿಡಿದುಕೊಂಡ. ಗಾಜು ಹೊತ್ತವರಿಗೆ ದಾರಿ ಬಿಡಬೇಕು. ಅದೂ ಅಪ್ಪ ಕಲಿಸಿದ್ದೇ.

ಬೀದಿಯಲ್ಲಿ, "ಗಾಜು, ಗಾಜು," ಎನ್ನುತ್ತ ನಡೆದೆ. ಜನ ಸರಿದರು. ಹಿಂತಿರುಗಿ ನೋಡಲಿಲ್ಲ.

ಆಸ್ಪತ್ರೆ ತಲುಪಿದಾಗ ನಾಲ್ಕೂ ಮುಕ್ಕಾಲು. ಮೂರನೇ ಮಹಡಿಯ ಕಾರಿಡಾರಿನ ಬೆಂಚಿನ ಮೇಲೆ ಆ ಹೆಂಗಸು, ಪಕ್ಕದಲ್ಲಿ ಒಬ್ಬ ಪೇದೆ. ಅವಳ ಎರಡೂ ಕೈ ಮೊಣಕೈಯವರೆಗೆ ಬ್ಯಾಂಡೇಜು. ಪೇದೆಯ ತೊಡೆಯ ಮೇಲೆ ಬರೆದು ಮುಗಿಸಿದ ಹಾಳೆ, ಮುಚ್ಚಳ ತೆಗೆದ ಶಾಯಿಯ ಡಬ್ಬಿ.

"ನರ್ಸ್ ಬರ್ಲಿ ಅಂತ ಕಾಯ್ತಿದ್ದೀವಿ," ಎಂದ, ನಾನು ಕೇಳದೆಯೇ. "ಹೆಬ್ಬೆರಳೊಂದು ಬಿಚ್ಚಬೇಕಲ್ಲ."

ಹೆಂಗಸು ನನ್ನನ್ನು ಗುರುತು ಹಿಡಿದಳು. ನಮ್ಮ ಮನೆಯ ಬಟ್ಟೆ ಅವಳ ಹತ್ತಿರವೇ ಹೋಗುತ್ತಿತ್ತು. ನಮ್ಮ ಮಾತನ್ನು ಅವಳು ಪುಸ್ತಕದಿಂದ ಕಲಿತವಳ ಹಾಗೆ, ಪದ ಪದ ಬಿಡಿಸಿ ಆಡುತ್ತಿದ್ದಳು.

"ನಾನು ಸ್ವಿಚ್ ತೆಗೆದೆ," ಎಂದಳು. "ಪ್ರತಿ ದಿನ ತೆಗೆಯುತ್ತೇನೆ. ಆ ದಿನ ತೆಗೆದೆ. ತೆಗೆದೆನಾ?"

"ತೆಗೆದಿದ್ರಿ."

ಅವಳು ಮುಖವನ್ನು ನನ್ನತ್ತ ತಿರುಗಿಸಿದಳು.

"ನೀವು ನೋಡಿದಿರಾ?"

"ಇಲ್ಲ."

ಬೆಂಚಿನ ತುದಿಯಲ್ಲಿ ಗಾಜು ನಿಲ್ಲಿಸಬೇಕಿತ್ತು, ಅಡಿಯಲ್ಲಿ ಇಡಲು ಮರದ ಪಟ್ಟಿ ಇರಲಿಲ್ಲ. ಗೋಡೆಯ ಬದಿಯ ಔಷಧದ ಟ್ರೇಯಲ್ಲಿದ್ದ ಎರಡು ಬ್ಯಾಂಡೇಜಿನ ಸುರುಳಿ ಇಟ್ಟೆ. ಬಟ್ಟೆ ಬಿಚ್ಚಿದೆ. ಟೋಪಿ ತೆಗೆಯಲಿಲ್ಲ.

"ಏನಮ್ಮ ಇದು?" ಪೇದೆ ಕೇಳಿದ.

"ಅವರ ಮಲಗೋ ಕೋಣೆ ಕಿಟಕಿ ಗಾಜು. ಮಸಿ ಇದ್ಯಾ ನೋಡಿ. ಬೆಂಕಿ ಹಚ್ಚೋಕೆ ಮುಂಚೆ ಯಾರೋ ಬಿಚ್ಚಿ ಹೊರಗಿಟ್ಟಿದ್ದಾರೆ. ಕಾಗದ ಮುಟ್ಟಬೇಡಿ. ಅದನ್ನ ಹಾಗೆ ಮಡಚೋರು ಈಗ ಇಬ್ಬರೇ ಇರೋದು. ನಾನು ಬಲಗೈಯವಳು."

ಹೆಂಗಸು ಬ್ಯಾಂಡೇಜಿನ ಕೈಗಳನ್ನು ಮಡಿಲಲ್ಲಿ ಹಾಗೇ ಇಟ್ಟುಕೊಂಡು ಗಾಜಿನತ್ತ ಬಾಗಿದಳು. ಅದರಲ್ಲಿ ಅವಳಿಗೆ ಏನು ಕಂಡಿತೋ. ದನಿಯಿಲ್ಲದೆ ಅಳತೊಡಗಿದಳು, ಬೆಂಚು ನಡುಗುವಷ್ಟು.

ಪೇದೆ ಶಾಯಿಯ ಡಬ್ಬಿಗೆ ಮುಚ್ಚಳ ಹಾಕಿದ. ಹಾಳೆ ತಿರುಗಿಸಿ, ಖಾಲಿ ಬದಿಯಲ್ಲಿ ಪೆನ್ನು ಊರಿದ.

"ಇನ್ನೊಬ್ರು ಯಾರು?"

ಚಿಕ್ಕ ಎಂದು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ಅದು ಬರೆದುಕೊಳ್ಳುವ ಹೆಸರಾಗಿರಲಿಲ್ಲ. ಶಾಲೆಯ ಹಾಜರಿ ಪುಸ್ತಕದಲ್ಲಿದ್ದ ಅವನ ಪೂರ್ತಿ ಹೆಸರು ಹೇಳಿದೆ, ಹಿಂದೆ ಅಪ್ಪನ ಹೆಸರು ಸೇರಿಸಿ. ಇಪ್ಪತ್ತಾರು ವರ್ಷದಲ್ಲಿ ಒಂದು ಸಲವೂ ನಾನು ಅವನನ್ನು ಹಾಗೆ ಕರೆದಿರಲಿಲ್ಲ. ಯಾರದೋ ಹೆಸರಿನ ಹಾಗೆ ಕೇಳಿಸಿತು.

"ಬಿಡಿಸಿ ಹೇಳಮ್ಮ," ಎಂದ ಪೇದೆ. "ಒಂದೊಂದೇ ಅಕ್ಷರ."