ಬಾಗಿಲು ಹಾಕಿದೆ

ಮಹಡಿ ಹತ್ತದೆಯೇ 'ಬಾಗಿಲು ಹಾಕಿದೆ' ಎಂದು ಷರಾ ಬರೆದು ಕಾಗದ ವಾಪಸ್ ಕಳಿಸುತ್ತಾನೆಂದು ಪೋಸ್ಟ್‌ಮ್ಯಾನ್ ಮೇಲೆ ನೋಟಿಸ್ ಹೊರಟಿತು. ದೂರು ಸುಳ್ಳೇನಲ್ಲ. ನಿಯಮದ ಪ್ರಕಾರ ನೋಟಿಸ್ ರಿಜಿಸ್ಟರ್ಡ್ ಅಂಚೆಯಲ್ಲಿ ಅವನ ಮನೆಗೇ ಹೋಗಬೇಕು. ಆ ಬೀದಿಯ ಬಟವಾಡೆಯೂ ಅವನದೇ.

"ನಿಮ್ದೇ ಅಲ್ವೇನ್ರೀ, ಇಲ್ಲೇ ಸೈನ್ ಹಾಕಿ ತಗೊಳ್ಳಿ," ಎಂದರು ಪೋಸ್ಟ್ ಮಾಸ್ಟರ್.

"ವಿಳಾಸ ಮನೇದಿದೆ ಸಾರ್. ಅಲ್ಲೇ ಕೊಡ್ತೀನಿ."

ಸತತ ಮೂರು ದಿನ ಏದುಸಿರು ಬಿಡುತ್ತ ಮೂರು ಮಹಡಿ ಹತ್ತಿ, ತನ್ನದೇ ಮನೆಯ ಬೆಲ್ ಒತ್ತಿ ಕಾದ. ಹೆಂಡತಿ ಕೆಲಸಕ್ಕೆ ಹೋಗಿದ್ದಳು. ಬೀಗದ ಕೈ ಅವನ ಜೇಬಿನಲ್ಲಿತ್ತು. ಷರಾ ಬರೆದು ಇಳಿದ. ನೋಟಿಸ್ ವಾಪಸಾಯಿತು.

ಸಿಡಿಮಿಡಿಗೊಂಡ ಅಂಚೆ ಇನ್‌ಸ್ಪೆಕ್ಟರ್ ಷರಾ ನಿಜವೋ ಸುಳ್ಳೋ ನೋಡಲು ತಾವೇ ಬಂದರು. ಬೀದಿಯಲ್ಲಿ ನಿಂತು ಮೂರನೇ ಮಹಡಿಯತ್ತ ಕತ್ತೆತ್ತಿದರು, ಮಂಡಿ ನೀವಿಕೊಂಡರು, ಕಡತ ಬಿಚ್ಚಿ ಬರೆದರು:

'ಖುದ್ದಾಗಿ ಪರಿಶೀಲಿಸಿದೆ. ಬಾಗಿಲು ಹಾಕಿದೆ.'