ಬ್ಲೂಮೋ ಗುಳ್ಳೆ ಮತ್ತು ನಮ್ಮವರ ಹಲ್ಲು

ಬ್ಲೂಮೋ ಬಬಲ್‌ಗಮ್ಮಿನ ಚರಿತ್ರೆ ಹೇಳುವವರೆಲ್ಲ ಅದನ್ನು ಕಂಡುಹಿಡಿದವನನ್ನು ಹೊಗಳುತ್ತಾರೆ. ಹೊಗಳಲಿ ಬಿಡಿ. ಫ್ಯಾಕ್ಟರಿಯಲ್ಲಿ ಅವತ್ತು ಇದ್ದ ಬಣ್ಣ ಗುಲಾಬಿಯೊಂದೇ, ಗಮ್ಮಿಗೆ ಅದನ್ನೇ ಸುರಿದ. ಅದೂ ಒಂದು ಜಾಣತನವಂತೆ. ಫಿಲಡೆಲ್ಫಿಯಾದ ಬೀದಿ ಬೀದಿ ಅಲೆದು ಅದನ್ನು ಮಾರಿದ ನಮ್ಮವರ ಹೆಸರನ್ನು ಮಾತ್ರ ಯಾರೂ ಎತ್ತುವುದಿಲ್ಲ. ನನಗೆ ಮೈ ಉರಿಯುತ್ತದೆ, ಅದಕ್ಕೇ ಹೇಳುತ್ತಿದ್ದೇನೆ.

ನಮ್ಮವರು, ಅಂದರೆ ನನ್ನ ಗಂಡ ಆಲ್ವಿನ್ ಡ್ರೆಶರ್, ಮೊದಲು ಅದೇ ಕಂಪನಿಯ ಪೆಪ್ಪರ್‌ಮಿಂಟ್ ಮಾರುತ್ತಿದ್ದರು. ಬ್ಲೂಮೋ ಬಂದದ್ದೇ ಕಂಪನಿಯಲ್ಲಿ ಹೊಸ ಕಾನೂನು ಬಂತು. ಗಮ್ಮನ್ನು ಊದಬಹುದೆಂದು ಜನಕ್ಕೆ ಆಗ ಗೊತ್ತೇ ಇರಲಿಲ್ಲ. ಹಾಗಾಗಿ ಮಾರುವವರು ಪ್ರತಿ ಅಂಗಡಿಯಲ್ಲೂ ಗಲ್ಲಾ ಮುಂದೆ ನಿಂತು, ಅಗಿದು, ಗುಳ್ಳೆ ಊದಿ ತೋರಿಸಬೇಕು. ಊದಲು ಬಾರದವರು ಮನೆಗೆ ಹೋಗಬಹುದು. ಶನಿವಾರ ತಾನೇ ಜೊತೆಗೆ ಬಂದು ನೋಡುತ್ತೇನೆಂದ, ಮ್ಯಾನೇಜರ್ ಕ್ವಿಗ್ಲಿ.

ಇವರದೋ ಮೇಲ್ಸಾಲು ಪೂರ್ತಿ ಕಟ್ಟಿಸಿದ ಹಲ್ಲು. ಊದಿದರೆ ಗುಳ್ಳೆಗಿಂತ ಮೊದಲು ಅದೇ ಹೊರಗೆ ಇಣುಕುತ್ತಿತ್ತು. ನಾವಿಬ್ಬರೂ ಒಮ್ಮೆ ಸಂಸಾರ ಕಂಡು ಒಂಟಿಯಾಗಿ, ನಡುವಯಸ್ಸು ದಾಟಿದ ಮೇಲೆ ಮದುವೆಯಾದವರು. ಅಂದಿನಿಂದ ಈ ಮನುಷ್ಯ ಬಚ್ಚಲಿನ ಚಿಲಕ ಹಾಕಿಕೊಂಡೇ ಹಲ್ಲು ತೊಳೆಯುತ್ತಿದ್ದರು. ನನಗೆ ಗೊತ್ತಿಲ್ಲವೆಂದೇ ಅವರ ನಂಬಿಕೆ.

ಶುಕ್ರವಾರ ತಲೆಯ ಮೇಲೆ ಕೈಹೊತ್ತು ಕೂತಿದ್ದನ್ನು ನೋಡಲಾರದೆ ಬಾಯಿಬಿಟ್ಟೆ.

“ಅಗಿಯೋಕೆ ಹಲ್ಲು ಬೇಕು, ಊದೋಕೆ ತುಟಿ ಸಾಕು ಕಣ್ರೀ. ಅಗಿದಾದ್ಮೇಲೆ ತೆಗೆದು ಜೇಬಿಗೆ ಹಾಕ್ಕೊಳ್ಳಿ.”

“ಏನನ್ನ?” ಎಂದರು. ಕಿವಿಯವರೆಗೂ ಕೆಂಪಾಗಿದ್ದರು.

ಬೆರಳಿನಿಂದ ಮೇಲ್ತುಟಿ ತಟ್ಟಿ ತೋರಿಸಿದೆ. ಊರೆದುರು ಹಾಗೆ ನಿಲ್ಲುವುದಕ್ಕಿಂತ ಕೆಲಸ ಹೋದರೇ ವಾಸಿ ಎಂದು ಗೊಣಗಿದರು. ಆಮೇಲೆ, ಈ ಉಪಾಯ ನಿನಗೆ ಹೇಗೆ ಗೊತ್ತು ಎಂದು ಕೇಳಿದರು. ಸೂಪು ತಳ ಹಿಡಿಯುತ್ತಿದೆ ಎಂದು ಎದ್ದುಹೋದೆ.

ಮರುದಿನ ಮನಸ್ಸು ತಡೆಯದೆ ಪೆಟ್ರೊಂಜಿಯಮ್ಮನ ಮಿಠಾಯಿ ಅಂಗಡಿಗೆ ಹೋಗಿ ಮೂಲೆಯಲ್ಲಿ ನಿಂತೆ. ಶಾಲೆಯಿಲ್ಲದ ದಿನ, ಅಂಗಡಿ ತುಂಬ ಮಕ್ಕಳು. ಇವರು ಅಗಿದರು, ಊದಿದರು. ಹಲ್ಲುಸಾಲು ಜಾರಿ ತುಟಿಗೆ ಬಂತು. ಮಕ್ಕಳು ಗೊಳ್ಳೆಂದವು. ಕ್ವಿಗ್ಲಿ ಹೊರಡುವವನಂತೆ ಟೋಪಿ ಎತ್ತಿಕೊಂಡ. ಇವರು ನನ್ನತ್ತ ನೋಡಿದರು.

ಇವರು ಹಲ್ಲು ತೆಗೆದು ಕೋಟಿನ ಜೇಬಿಗೆ ಹಾಕಿಕೊಂಡರು. ಬೊಚ್ಚುಬಾಯಲ್ಲಿ ನಿಧಾನವಾಗಿ ಊದಿದರು. ಗುಳ್ಳೆ ಮೊದಲು ಮೂಗು ಮುಚ್ಚಿತು, ಆಮೇಲೆ ಕನ್ನಡಕ ಮುಚ್ಚಿತು, ಕೊನೆಗೆ ಒಡೆದು ಹುಬ್ಬಿಗೆಲ್ಲ ಅಂಟಿತು. ಮಕ್ಕಳು ನನಗೊಂದು ನನಗೊಂದು ಎಂದು ಮುಗಿಬಿದ್ದವು. ಪೆಟ್ರೊಂಜಿಯಮ್ಮ ಗಮ್ಮಿನ ಡಬ್ಬಿಯನ್ನೇ ಪೂರ್ತಿ ಕೊಂಡು ಇಳಿಸಿಕೊಂಡಳು.

“ಸೋಮವಾರದಿಂದ ಎಲ್ಲಾ ಅಂಗಡೀಲೂ ಹೀಗೇ ಊದ್ಬೇಕು, ಡ್ರೆಶರ್,” ಎಂದ ಕ್ವಿಗ್ಲಿ. ಹಲ್ಲು ಗಟ್ಟಿಯಿದ್ದ ಉಳಿದ ಮಾರಾಟಗಾರರು ಹೊಟ್ಟೆಕಿಚ್ಚುಪಟ್ಟರು.

ಸಂಜೆ ಊಟವಾದ ಮೇಲೆ ಇವರು ಬಚ್ಚಲಿಗೆ ಹೋಗಲಿಲ್ಲ. ಮೇಜಿನ ಮೇಲೇ ಲೋಟಕ್ಕೆ ನೀರು ಹಾಕಿ ಹಲ್ಲನ್ನು ಅದರೊಳಗೆ ಬಿಟ್ಟರು.

“ಊರೇ ನೋಡಾಯ್ತು, ನಿನ್ನ ಮುಂದೆ ಇನ್ನೇನು ನಾಚಿಕೆ? ಈಗಾದ್ರೂ ಹೇಳು ಹಿಲ್ಡಾ, ನಿಂಗೆ ಹೇಗೆ ಗೊತ್ತಾಯ್ತು?”

ನನ್ನದನ್ನೂ ತೆಗೆದು ಅದೇ ಲೋಟಕ್ಕೆ ಹಾಕಿದೆ.